ಬೇಟೆನಾಯಿಗೆ ಮನೆ ನೋಡಿದ್ದು

ನಮ್ಮ ಚಿನ್ನದ ಗಣಿ ಸರ್ಕಾರದ ಕೈಗೆ ಹೋದ ಮೇಲೆ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟರು. ಅವರಲ್ಲೊಬ್ಬನ ಬಂಗಲೆಗೆ ನಾನು ಕರೆಂಟು ರಿಪೇರಿಗೆ ಹೋಗುತ್ತಿದ್ದೆ. ಅವನ ಬೇಟೆನಾಯಿಗೆ ನನ್ನನ್ನು ಕಂಡರೆ ಪ್ರಾಣ. ನಾನೇ ಸಾಕಿಕೊಳ್ಳುತ್ತೇನೆ ಅಂದೆ. "ಮೊದಲು ಮನೆ ನೋಡಬೇಕು" ಅಂದ, ಹೆಣ್ಣು ಕೊಡುವವರ ಹಾಗೆ.

ಮಾರನೆಯ ದಿನ ನಾಯಿಯನ್ನೂ ಕರೆದುಕೊಂಡು ನಾವಿದ್ದ ಕೂಲಿ ಲೈನಿನ ಸಾಲುಮನೆಗೆ ಬಂದ. ಗಣಿಯವರು ಕೊಟ್ಟಿದ್ದ, ತಟ್ಟಿ ಗೋಡೆಯ ಒಂದೇ ಕೋಣೆ. ಅಪ್ಪ, ಅಮ್ಮ, ಹೆಂಡತಿ, ಮಕ್ಕಳು ಎಲ್ಲರೂ ಆಚೆ ಬಂದು ನಿಂತ ಮೇಲೆ ದೊರೆಗೂ ನಾಯಿಗೂ ಒಳಗೆ ಜಾಗವಾಯಿತು. ನಾಯಿ ಒಂದು ಸುತ್ತು ತಿರುಗಿತು. ಬಾಲ ತಗುಲಿ ನೀರಿನ ಚೊಂಬು ಉರುಳಿತು.

"ಇದು ದಿನಾ ಮೈಲಿಗಟ್ಟಲೆ ಓಡುವ ಜಾತಿ. ಇಂಥ ಕಡೆ ಕೂಡಿಹಾಕುವುದು ಪಾಪ" ಅಂದ, ಗಣಿಯ ಆಳುಗಳಿಂದ ಕಲಿತ ಹರಕು ತಮಿಳಿನಲ್ಲಿ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅವನು ಹೋದ ಮೇಲೆ ಅಮ್ಮ ಕೇಳಿದಳು, "ಏನಂತಾರ್ಲಾ ದೊರೆಗಳು?"

"ಈ ಮನೇಲಿ ನಾಯಿ ಇರಾಕಾಗಲ್ವಂತಮ್ಮ."

ಅಮ್ಮ ಚೊಂಬು ಎತ್ತಿಟ್ಟು ನೆಲ ಒರೆಸಿದಳು.

ದೊರೆಗೆ ಒಪ್ಪುವಂಥ ಮನೆ ರಾಬರ್ಟ್‌ಸನ್‌ಪೇಟೆಯಲ್ಲೂ ಸಿಗಲಿಲ್ಲ, ಬಂಗಾರಪೇಟೆಯಲ್ಲೂ ಸಿಗಲಿಲ್ಲ. ಊರು ಬಿಡುವ ಹಿಂದಿನ ದಿನ ಬಂಗಲೆಯ ಹಿತ್ತಲಲ್ಲಿ ತಾನೇ ನಿಂತು ನಾಯಿಗೆ ಗುಂಡು ಹೊಡೆದ. ಇಕ್ಕಟ್ಟಿನಲ್ಲಿ ಬಿದ್ದು ಬದುಕುವುದಕ್ಕಿಂತ ಇದೇ ವಾಸಿ ಅಂದನಂತೆ.

ಆಮೇಲೂ ನಾವು ಬಹಳ ವರ್ಷ ಅದೇ ಕೋಣೆಯಲ್ಲಿದ್ದೆವು. ಅದು ನಮಗೂ ಸಾಲದು ಅಂತ ದೊರೆಗೆ ಹೊಳೆಯದೆ ಹೋದದ್ದು ನಮ್ಮ ಪುಣ್ಯ.