ಮೂರು ಗೆರೆ, ಒಂದು ಚುಕ್ಕೆ

ಕೊಹೀರಿನ ಸಂಜೀವಕುಮಾರ ಸುಮ್ಮನೆ ಕೂತದ್ದನ್ನು ಕಂಡವರು ಕಡಿಮೆ. ನಾರಾಯಣಖೇಡದಿಂದ ತಾಂಡೂರಿಗೆ ಹೋಗುವಾಗ, ಬಸ್ಸಿನಲ್ಲಿ ಜಗಳಾಡಿ ಸೀಟು ಹಿಡಿದು, ಆಮೇಲೆ ಎದ್ದು ನಿಲ್ಲುವ ಮನುಷ್ಯ. ಅಕ್ಷತೆ ಬೀಳುವ ಮೊದಲೇ ಮಣೆಯಿಂದ ಎದ್ದಿದ್ದನೆಂದು ಹೆಂಡತಿ ಪ್ರೇಮಲಾ ಇಂದಿಗೂ ಹೇಳುತ್ತಾಳೆ. ಇಂಥವನಿಗೆ ಶಿವ ಕೊಟ್ಟ ನೌಕರಿ, ಕಾಯುವುದು.

ಜಹೀರಾಬಾದಿನ ಹೊರಗಿನ ಕಾರ್ಖಾನೆಯಲ್ಲಿ ತಯಾರಾದ ಟರ್ಬೈನ್ ಬ್ಲೇಡುಗಳ ಒಳಗಿನ ಹುಳುಕನ್ನು ಅವುಗಳನ್ನು ಕೊಯ್ಯದೆ, ಒಡೆಯದೆ ಹುಡುಕುವುದು ಅವನ ಕೆಲಸ. ದೊಡ್ಡ ದೀಪದಿಂದ ಬ್ಲೇಡಿಗೆ ಬಿಸಿ ತಾಗಿಸಿ, ಅದು ಆರುವುದನ್ನು ಶಾಖ ಕಾಣುವ ಕ್ಯಾಮೆರಾದಲ್ಲಿ ನೋಡಬೇಕು. ಪೊಳ್ಳಿದ್ದಲ್ಲಿ ಬಿಸಿ ಒಳಗಿಳಿಯಲಾರದೆ ಪರದೆಯಲ್ಲಿ ಬೆಳ್ಳಗೆ ನಿಲ್ಲುತ್ತದೆ. ಮೇಲಿನ ಕಲೆ ಕೂಡಲೇ ಕಾಣುತ್ತದೆ. ಒಳಗಿನದು ತಡಮಾಡಿ ಮೇಲೇಳುತ್ತದೆ.

ಪ್ರತ್ಯೇಕ ತೆಲಂಗಾಣಕ್ಕಾಗಿ ನಡೆದ ಸಕಲ ಜನರ ಮುಷ್ಕರದ ದಿನಗಳು. ಬಸ್ಸಿಲ್ಲ, ಕರೆಂಟು ಬಂದರೆ ಹಬ್ಬ. ಮರುದಿನ ಹೆದ್ದಾರಿಯಲ್ಲೇ ಒಲೆ ಹೂಡಿ ಅಡುಗೆ ಮಾಡುವ ಚಳವಳಿ, ದಾರಿ ಬಂದ್. ಆದ್ದರಿಂದ ಲಾರಿ ಈ ದಿನವೇ ಹೊರಡಬೇಕಿತ್ತು. ಇಲ್ಲದ ದೋಷ ಕಂಡು ಹಿಂದೆ ಮಾಲು ತಡೆದಿದ್ದ ಸಂಜೀವಕುಮಾರನಿಗೆ ಮ್ಯಾನೇಜರು ಹೇಳಿಯೂ ಇದ್ದರು: "ಇನ್ನೊಂದ್ ಸಲ ಹಿಂಗಾದ್ರ ನೀ ಪ್ಯಾಕಿಂಗ್ ಡಬ್ಬಿಗಿ ಮೊಳೆ ಹೊಡ್ಯಾಕ ಹೋಗ್ತಿ."

ಕೊನೆಯ ಬ್ಲೇಡಿಗೆ ಬಿಸಿ ತಾಗಿದ್ದೇ ತಡ, ಪರದೆಯ ಮೇಲೆ ಮೂರು ಬಿಳಿ ಗೆರೆ. ಅವನು ಅಂಗಳಕ್ಕೆ ಓಡಿ ಲಾರಿ ನಿಲ್ಲಿಸಿದ.

ಮಾಲು ಹೇರುತ್ತಿದ್ದ ಮಾಣಿಕ ಒಳಗೆ ಬಂದು ಬ್ಲೇಡು ನೋಡಿದ, ಆಮೇಲೆ ಇವನ ಹಣೆ ನೋಡಿದ. "ಸಾಬ್, ನಿನ್ನಿ ಆಯುಧ ಪೂಜಾದಾಗ ಇದಕ್ಕ ವಿಭೂತಿ ಬಳದೋರು ಯಾರ್ರಿ?"

ಬಳಿದವನು ಇವನೇ.

"ಯಂತ್ರಕ್ಕೂ ಲಿಂಗದೀಕ್ಷಾ ಆತು," ಎಂದು ಹೊರಗಿನಿಂದ ಚಾಲಕ ನಾಮದೇವ ಕೂಗಿದ. ಅಂಗಳವೆಲ್ಲ ನಕ್ಕಿತು.

ಸಂಜೀವಕುಮಾರ ಬ್ಲೇಡನ್ನು ಒರೆಸಿ, ಆರಿಸಿ, ಮತ್ತೆ ಬಿಸಿ ತಾಗಿಸಿದ. ಪರದೆ ಶುಭ್ರ. ಎಂದಿನಂತಾದರೆ ಆ ಕ್ಷಣವೇ ಎದ್ದು ಹೊರಡುತ್ತಿದ್ದ. ಆದರೆ ಹೊರಗೆ ನಗು ಇನ್ನೂ ಆರಿರಲಿಲ್ಲ. ಮುಖ ತೋರಿಸಲಾರದೆ ಕುರ್ಚಿಗೆ ಅಂಟಿಕೊಂಡ. ಲಾರಿ ಹಾರ್ನ್ ಹೊಡೆಯಿತು. ಕಾಲು ಕುಣಿಯಿತು. ಕೂತೇ ಇದ್ದ.

ಆಗ ಮೆಲ್ಲಗೆ ಒಂದು ಚುಕ್ಕೆ ಎದ್ದಿತು.

ಇನ್ನೊಮ್ಮೆ ಒರೆಸಿದ, ಆರಿಸಿದ, ಬಿಸಿ ತಾಗಿಸಿದ. ಚುಕ್ಕೆ ಅಲ್ಲೇ ಎದ್ದಿತು, ತಡವಾಗಿಯೇ. ಟರ್ಬೈನ್ ತಿರುಗುವಾಗ ಈ ಒಂದು ಬ್ಲೇಡು ಮುರಿದರೆ ಉಳಿದವನ್ನೂ ಮುರಿಯುತ್ತದೆ. ತಡೆದು ತಪ್ಪಾದರೆ, ಮೊಳೆ ಹೊಡೆಯುವ ಕೆಲಸ. ಅಂಗಳದ ಬಾಗಿಲು ದಾಟುವುದು ಮದುವೆಯ ಮಣೆಯ ಮೇಲೆ ಕೂರುವುದಕ್ಕಿಂತ ಕಷ್ಟವಾಯಿತು.

"ಲಾರಿ ಬಿಡಬ್ಯಾಡ್ರಿ."

"ಈಗೇನ್ರಿ, ಕುಂಕುಮಾ?" ಎಂದ ಮಾಣಿಕ.

ಅವನು ಮ್ಯಾನೇಜರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಬಿಸಿ ತಾಗಿತು. ಮ್ಯಾನೇಜರು ಏಳಹೋದರು.

"ಕುಂದರ್ರಿ," ಎಂದ ಸಂಜೀವಕುಮಾರ. ಅವನ ಬಾಯಲ್ಲಿ ಆ ಮಾತನ್ನು ಕೇಳಿ ಮಾಣಿಕನೂ ನೆಲಕ್ಕೆ ಕೂತ.

ಚುಕ್ಕೆ ಬಂತು. ಮ್ಯಾನೇಜರು ಹೇಳಿದರು: "ತಗದಿಡ್ರಿ ಅದನ್ನ."

ಒಂದು ಬ್ಲೇಡು ಕಡಿಮೆಯಾದರೂ ಟರ್ಬೈನಿನ ಜೋಡಣೆಯಾಗದು, ಲಾರಿ ಗೇಟಿನಲ್ಲೇ ಉಳಿಯಿತು. ಮರುದಿನ ಕಾರ್ಖಾನೆಯ ಮುಂದಿನ ಹೆದ್ದಾರಿಯ ನಡುವೆ ಅನ್ನ ಬೆಂದಿತು. ದಾರಿಯಿಲ್ಲದ ನಾಮದೇವ ಪಂಕ್ತಿಯಲ್ಲಿ ಕೂತು, ಪಕ್ಕದ ಜಾಗ ತಟ್ಟಿ ಕರೆದ: "ನಿಮ್ಮಿಂದಾನೇ ಇಲ್ಲಿ ಸಿಕ್ಕಿಬಿದ್ದೀನಿ. ಬರ್ರಿ, ಕುಂತು ಉಣ್ರಿ."

ಸಂಜೀವಕುಮಾರ ತಟ್ಟೆ ಇಸಿದುಕೊಂಡ. ಉಂಡದ್ದು ಮಾತ್ರ ನಿಂತು, ಲಾರಿ ನಿಂತಿದ್ದ ಗೇಟಿನ ಕಡೆ ನೋಡುತ್ತ.