ಜೋಹರಾ ಕೊಟ್ಟ ಖಾಲಿ ಕಂಡಿಕೆ

ಜೋಹರಾಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಹತ್ತು ವರ್ಷವಾಗುತ್ತ ಬಂತು, ಇನ್ನೂ ಪೂರ್ತಿ ಹೋಗಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅವಳದೂ ನಮ್ಮದೂ ಗೋಡೆಗೆ ಗೋಡೆ ಹತ್ತಿದ ಮನೆ. ಅವಳ ಗಂಡ ಅಹ್ಮದಸಾಬ ಸೀರೆ ನೇಯುವವನು. ಅವಳು ಬೆಳಗಿನಿಂದ ಸಂಜೆಯ ತನಕ ರಾಟಿಯ ಮುಂದೆ ಕುಳಿತು ಅವನ ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುವವಳು. ಕಂಡಿಕೆಯೆಂದರೆ ಬೆರಳುದ್ದದ ಕೊಳವೆ. ನೂಲು ಸುತ್ತಿ ಲಾಳಿಯ ಹೊಟ್ಟೆಯೊಳಗೆ ಇಡುತ್ತಾರೆ, ನೂಲು ತೀರಿದ ಮೇಲೆ ತೆಗೆದು ಬುಟ್ಟಿಗೆ ಎಸೆಯುತ್ತಾರೆ. ಅವಳಿಗೆ ಓದು ಬರಹ ಇರಲಿಲ್ಲ. ಮಕ್ಕಳು ಮಾತ್ರ ನಾಲ್ಕು, ಎಲ್ಲ ಗಟ್ಟಿಮುಟ್ಟು, ಎಲ್ಲರೂ ಓಣಿಗೇ ಕೇಳುವಂತೆ 'ಅಮ್ಮಾ' ಎಂದು ಕೂಗುವವರು. ಅಷ್ಟಿದ್ದೂ ನನಗಿದ್ದ ಒಬ್ಬಳೇ ಮಗಳು ಅವಳಿಗೇ ಏಕೆ ಒಲಿಯಬೇಕಿತ್ತು?

ನಾನು ಶಿವಬಸವ್ವ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಜನ ನನ್ನನ್ನು 'ಅಕ್ಕೋರು' ಎನ್ನುತ್ತಾರೆ. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳ ಮಗಳು ಇಂದ್ರವ್ವ, ನಮ್ಮ ಇಂದ್ರಿ, ಐದು ವರ್ಷವಾದರೂ ಒಂದು ಮಾತು ಆಡಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ತಟ್ಟೆಯನ್ನು ಗಿರ್ರನೆ ತಿರುಗಿಸಿ ಅದನ್ನೇ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಏನಾದರೂ ತಪ್ಪಿತೋ, ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುವಳು, ಕಿರುಚುವಳು, ಗೋಡೆಗೆ ತಲೆ ಬಡಿಯುವಳು. ಅತ್ತೆ ಸಿದ್ದವ್ವ ಕಟ್ಟಿಸದ ತಾಯಿತವಿಲ್ಲ. ಗಂಡ ರಾಚಯ್ಯ ಬಸ್ಸಿನ ಕಂಡಕ್ಟರ್, ಮನೆಯಲ್ಲಿ ಇರುವುದೇ ಕಡಿಮೆ. ಇದ್ದಾಗ ಮಗಳ ಕೈಯ ಗಾಯ ನೋಡಿ ಮುಖ ಆಚೆ ತಿರುಗಿಸುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಯಾರೋ ಪ್ರಯಾಣಿಕರು ರಾಚಯ್ಯನವರಿಗೆ ಹೇಳಿದರಂತೆ: ಧಾರವಾಡದ ಒಬ್ಬ ಡಾಕ್ಟರಬಾಯಿ ತಿಂಗಳ ಮೊದಲ ಸೋಮವಾರ ಬಾಗಲಕೋಟೆಗೆ ಬಂದು ಇಂಥ ಮಕ್ಕಳನ್ನು ನೋಡುತ್ತಾರೆ. ಹೋದೆವು. ಆಕೆ ಒಂದು ತಾಸು ಇಂದ್ರಿಯನ್ನು ಮುಟ್ಟದೆ ಸುಮ್ಮನೆ ನೋಡಿದರು. ಆಮೇಲೆ, ಇದಕ್ಕೆ ಆಟಿಸಂ ಎನ್ನುತ್ತಾರೆ, ಇದು ಯಾರ ಪಾಪವೂ ಅಲ್ಲ, ಗುಳಿಗೆಯಿಂದ ಹೋಗುವಂಥದೂ ಅಲ್ಲ ಎಂದರು.

"ಬೈಬ್ಯಾಡ್ರಿ, ಹೊಡೀಬ್ಯಾಡ್ರಿ. ಮದಲ ಬರೀರಿ. ಕೈ ಕಚ್ಚೂಕಿಂತ ಮದಲ ಏನಾತು, ಆಕಿ ಏನ್ ಮಾಡಿದ್ಲು, ಆಮ್ಯಾಲೆ ಆಕಿಗೆ ಏನ್ ಸಿಕ್ತು. ಈ ಮೂರೂ ಬರೀರಿ. ಮಾತ ಬರದ ಕೂಸು ಕಚ್ಚಿಗೊಂಡು ಏನೋ ಕೇಳಾಕತ್ತಿರತೈತಿ. ಏನ್ ಕೇಳತೈತಿ ಅನ್ನೂದು ಅದರಾಗ ಸಿಗತೈತಿ."

ಬರೆಯುವುದೆಂದರೆ ನನಗೇನು ಕಷ್ಟ? ಹೊಸ ನೋಟಬುಕ್ ತಂದು ಸ್ಕೇಲಿಟ್ಟು ಗೆರೆ ಹೊಡೆದು ಮೂರು ಅಂಕಣ ಮಾಡಿದೆ. ಹಗಲು ನಾನು ಶಾಲೆಗೆ ಹೋಗಬೇಕು, ಅತ್ತೆಯ ಕೈಯಲ್ಲಿ ಇಂದ್ರಿಯನ್ನು ಸಂಭಾಳಿಸುವುದು ಆಗದು. ರಾಟಿ ತಿರುಗುವುದನ್ನು ನೋಡುತ್ತ ಇಂದ್ರಿ ಜೋಹರಾಳ ಬಳಿ ಸುಮ್ಮನೆ ಕೂರುತ್ತಾಳೆಂದು ಅಲ್ಲಿ ಬಿಟ್ಟವಳು ನಾನೇ. ಈ ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ಅಂಕಣದ ಸಂಗತಿಯನ್ನೂ ಸ್ವಲ್ಪ ದೊಡ್ಡಸ್ತಿಕೆಯಿಂದಲೇ ಅವಳಿಗೆ ವಿವರಿಸಿದೆ.

ಅವಳು ನಕ್ಕಳು. "ನನಗ ಎಲ್ಲಿ ಬರಿಯಾಕ ಬರತೈತ್ರಿ ಅಕ್ಕೋರ? ನಾ ಗಂಟ ಹಾಕ್ತೇನಿ."

ಮರುದಿನದಿಂದ ಅವಳ ಗೋಡೆಯ ಮೊಳೆಗೆ ದಿನಕ್ಕೊಂದು ಬಿಳಿಯ ನೂಲು ಜೋತುಬಿತ್ತು. ಇಂದ್ರಿ ಕೈ ಕಚ್ಚಿಕೊಂಡರೆ ಅದಕ್ಕೊಂದು ಕೆಂಪು ತುಂಡು ಗಂಟು ಹಾಕುತ್ತಿದ್ದಳು. ಅದಕ್ಕಿಂತ ಮೊದಲು ಮಗ್ಗ ಸದ್ದು ಮಾಡಿದ್ದರೆ ಪಕ್ಕದಲ್ಲೊಂದು ಕಪ್ಪು ತುಂಡು, ಇಂದ್ರಿ ಏನಾದರೂ ಬೇಕೆಂದು ಹಂಬಲಿಸಿದ್ದರೆ ಹಸಿರು. ಕಾರಣ ತಿಳಿಯದಿದ್ದರೆ ಕೆಂಪೊಂದೇ. "ಗೊತ್ತಿಲ್ಲದ್ದು ಗೊತ್ತಿಲ್ಲಂತನ ಇರ್ಲಿ" ಎಂದಳು. ನನ್ನ ನೋಟಬುಕ್ಕಿನಲ್ಲಿ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಹಟ, ಹಟ, ಹಟ ಎಂದೇ ಬರೆದುಕೊಂಡು ಹೋಗಿದ್ದೆ.

ಎಂಟು ದಿನದಲ್ಲಿ ಅವಳಿಗೆ ಒಂದು ತಿಳಿಯಿತು. ದಿನಕ್ಕೆ ಹದಿನಾಲ್ಕು ಕೆಂಪು ಗಂಟು ಬಿದ್ದರೆ ಒಂಬತ್ತರ ಪಕ್ಕದಲ್ಲಿ ಕಪ್ಪು. ಮಗ್ಗ ಒಮ್ಮೆಲೇ ಖಟಖಟ ಎಂದರೆ ಮಗು ಬೆಚ್ಚುತ್ತಿತ್ತು. ಗಂಡನಿಗೆ ಹೇಳಿ, ನೇಯಲು ಶುರು ಮಾಡುವ ಮೊದಲು ಕಟ್ಟಿಗೆಯ ಮೇಲೆ ಮೂರು ಸಲ ಮೆಲ್ಲಗೆ ಬಡಿಯುವಂತೆ ಮಾಡಿದಳು. ಅಹ್ಮದಸಾಬ ಗೊಣಗಿದನಂತೆ, ಆದರೂ ಬಡಿದ. ನಾಲ್ಕೈದು ದಿನಕ್ಕೆ ಇಂದ್ರಿ ಆ ಮೂರು ಬಡಿತ ಕೇಳಿದೊಡನೆ ಎರಡೂ ಕಿವಿ ಮುಚ್ಚಿಕೊಂಡು ಹಾಯಾಗಿ ಕೂರತೊಡಗಿದಳು. ಕಪ್ಪು ಗಂಟು ನಿಂತೇಹೋಯಿತು.

ಉಳಿದದ್ದು ಹಸಿರು. ಇಂದ್ರಿಗೆ ರಾಟಿಯನ್ನು ತಾನೇ ತಿರುಗಿಸುವ ಆಸೆ. ಕೇಳಲು ಬಾರದು, ಕೈ ಬಾಯಿಗೆ ಹೋಗುತ್ತಿತ್ತು. ಹಲ್ಲು ತಾಗುವ ಮೊದಲೇ ಜೋಹರಾ ಆ ಕೈ ಹಿಡಿದು, ಮುಷ್ಟಿ ಬಿಡಿಸಿ, ಅದರಲ್ಲೊಂದು ಖಾಲಿ ಕಂಡಿಕೆ ಇಟ್ಟು, ಅದನ್ನು ತನ್ನ ಅಂಗೈಗೆ ಹಾಕಿಸಿಕೊಳ್ಳುವಳು. ಹಾಕಿದೊಡನೆ ರಾಟಿಯ ಹಿಡಿಕೆ ಇಂದ್ರಿಯ ಕೈಗೆ. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ, ಬೇಸರವಿಲ್ಲದೆ. ಮೂರನೆಯ ವಾರ ನಾನು ಶಾಲೆ ಬಿಟ್ಟು ಬಂದು ಅವಳ ಬಾಗಿಲಲ್ಲಿ ನಿಂತಿದ್ದಾಗ ಇಂದ್ರಿ ತಾನಾಗಿ ಬುಟ್ಟಿಗೆ ಕೈ ಹಾಕಿ, ಕಂಡಿಕೆ ಆರಿಸಿ, ಜೋಹರಾಳ ಅಂಗೈಯಲ್ಲಿಟ್ಟಳು. ಯಾರೂ ಹೇಳಿರಲಿಲ್ಲ. ನನ್ನ ಮಗಳು ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಏನೋ ಕೇಳಿದ್ದಳು.

ಖುಷಿಯಾಗಬೇಕಿತ್ತು. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹೊತ್ತವಳು ನಾನು, ಹೆತ್ತವಳು ನಾನು, ಬಾಗಲಕೋಟೆಗೆ ಹೊತ್ತು ತಿರುಗಿದವಳು ನಾನು. ಮಗು ಕೇಳಿದ್ದು ಇವಳನ್ನು!

ಜೋಹರಾ ನನಗೂ ಒಂದು ಕಂಡಿಕೆ ಕೊಟ್ಟಳು. "ಮನ್ಯಾಗೂ ಹಿಂಗ ಮಾಡ್ರಿ ಅಕ್ಕೋರ. ಕೊಟ್ಟ ಕೂಡ್ಲೆ ಆಕಿ ಕೇಳಿದ್ದು ಕೊಡ್ರಿ, ತಡ ಮಾಡಬ್ಯಾಡ್ರಿ" ಎಂದಳು. ನನಗೇ ಪಾಠ! ಆದರೂ ಮಾಡಿದೆ. ಒಂದು ಸಂಜೆ ಇಂದ್ರಿ ಆ ಕಂಡಿಕೆಯನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳು ಹಿಡಿದು ಎಳೆದಳು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅಡುಗೆಮನೆಯೇ? ನೀರಿನ ಕೊಡವೇ? ಏನು ಕೇಳಿದರೂ ಕೊಡುತ್ತೇನೆಂದು ಹಿಂದೆಯೇ ಹೋದೆ. ಅವಳು ಪಡಸಾಲೆ ದಾಟಿ, ಕಟ್ಟೆ ಇಳಿದು, ನನ್ನನ್ನು ಜೋಹರಾಳ ಬಾಗಿಲಿಗೆ ತಂದು ನಿಲ್ಲಿಸಿದಳು.

ನಾನು ಅವಳನ್ನು ಎತ್ತಿಕೊಂಡು ಮನೆಗೆ ಬಂದವಳೇ ಕಂಡಿಕೆಯನ್ನು ಒಲೆಗೆ ಹಾಕಿದೆ. ಒಣ ಕಟ್ಟಿಗೆ, ಭರ್ರನೆ ಉರಿದುಹೋಯಿತು.

ಇಂದ್ರಿ ನನ್ನ ಅಂಗೈ ಬಿಡಿಸಿ ನೋಡಿದಳು. ನೆಲದ ಮೇಲೆ ಹುಡುಕಿದಳು. ಆಮೇಲೆ ರಕ್ತ ಬರುವ ಹಾಗೆ ಕೈ ಕಚ್ಚಿಕೊಂಡಳು. ಗಾಬರಿಯಾಗಿ ಅವಳ ಬಾಯಿಗೆ ಒಂದು ತುಂಡು ಬೆಲ್ಲ ಇಟ್ಟೆ. ಕಿರುಚುವುದು ನಿಂತಿತು. ಬೆಲ್ಲ ಚೀಪುತ್ತ ನನ್ನ ಮೊಳಕಾಲಿಗೆ ಒರಗಿದಳು. ಆ ಮಗು ತಾನಾಗಿ ನನಗೆ ಒರಗಿದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಅಷ್ಟು ಸುಖ ನನಗೆ ಬೇರೆ ಯಾವಾಗಲೂ ಆಗಿರಲಿಲ್ಲ. ಮರುದಿನ ಜೋಹರಾಳ ಮನೆಯಿಂದ ಬಂದ ಮೇಲೂ ಕಚ್ಚಿಕೊಂಡಳು, ಅತ್ತೆಗೆ ಕಾಣದಂತೆ ಹಿತ್ತಲಿಗೆ ಕರೆದೊಯ್ದು ಬೆಲ್ಲ ಕೊಟ್ಟೆ, ಒರಗಿದಳು. ನೋಟಬುಕ್ಕಿನ ಮೂರನೆಯ ಅಂಕಣದಲ್ಲಿ, ಆಮೇಲೆ ಏನು ಸಿಕ್ಕಿತು ಎಂಬಲ್ಲಿ, 'ಏನೂ ಇಲ್ಲ' ಎಂದು ದುಂಡಗೆ ಬರೆದೆ.

ಮಗು ದಡ್ಡಿಯಾಗಿರಲಿಲ್ಲ. ಕಚ್ಚಿಕೊಂಡರೆ ಬೆಲ್ಲ ಎಂಬುದನ್ನು ಅವಳು ಕಂಡಿಕೆಗಿಂತ ಬೇಗ ಕಲಿತಳು. ಸಂಜೆ ಎರಡು ಸಲ ಇದ್ದದ್ದು ಆರಾಯಿತು, ಆರು ಹನ್ನೆರಡಾಯಿತು. ಒಂದು ದಿನ ತಾನೇ ಎತ್ತಿಕೊಂಡಿದ್ದ ಬೆಲ್ಲದ ಡಬ್ಬಿಯನ್ನು ಅತ್ತೆ ಕಸಿದುಕೊಂಡದ್ದಕ್ಕೆ ಇಂದ್ರಿ ಅವರ ಮಣಿಕಟ್ಟನ್ನೇ ಕಚ್ಚಿಬಿಟ್ಟಳು.

"ಇನ್ ಇದ್ರ ಕೂಡ ನನ್ನ ಕೈಲಿ ಆಗೂದಿಲ್ಲೋ ರಾಚಯ್ಯಾ" ಎಂದು ಅತ್ತೆ ಅತ್ತರು. "ಧಾರವಾಡದ ಹುಚ್ಚರ ದವಾಖಾನ್ಯಾಗ ಇಟ್ಟು ಬಾ."

ರಾಚಯ್ಯ ತಾಯಿಯ ಮಣಿಕಟ್ಟಿಗೆ ಬಟ್ಟೆ ಸುತ್ತುತ್ತ ಹೇಳಿದರು: "ಈ ಸೋಮವಾರ ಡಾಕ್ಟರಬಾಯಿ ಏನಂತಾರ ನೋಡೂನು. ಹಿಂಗ ಇರೂದಾದ್ರ ಆ ದಿನಾನ ಧಾರವಾಡದ ಬಸ್ ಹತ್ತಸ್ತೇನಿ." ಅವರು ಒಮ್ಮೆ ಅಂದರೆ ಅಂದದ್ದೇ. ಸೋಮವಾರ ಇಂದ್ರಿಯ ಬಟ್ಟೆಯ ಚೀಲವನ್ನೂ ಕಟ್ಟಿಸಿಕೊಂಡೇ ಹೊರಟರು.

ಕರೆಯದಿದ್ದರೂ ಜೋಹರಾ ನಮ್ಮ ಜೊತೆ ಬಾಗಲಕೋಟೆಗೆ ಬಂದಳು, ನೂಲಿನ ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು. ಡಾಕ್ಟರಬಾಯಿ ನನ್ನ ನೋಟಬುಕ್ಕಿನ ನಾಲ್ಕು ಪುಟ ತಿರುವಿ ಪಕ್ಕಕ್ಕಿಟ್ಟರು. ನೂಲುಗಳನ್ನು ಮಾತ್ರ ಮೇಜಿನ ಮೇಲೆ ಒಂದೊಂದಾಗಿ ಹರವಿ, ಯಾವ ಬಣ್ಣ ಏನೆಂದು ಜೋಹರಾಳನ್ನು ಕೇಳುತ್ತ, ಗಂಟು ಮುಟ್ಟಿ ಮುಟ್ಟಿ ಓದಿದರು. ಜೋಹರಾ ಗೋಡೆಯಾಚೆಯ ಕಿರುಚಾಟ ಕೇಳಿಸಿಕೊಂಡು ಸಂಜೆಗೂ ಬೇರೆ ನೂಲು ಇಟ್ಟಿದ್ದಳು.

"ಹಗಲು ಹದಿನಾಕರಿಂದ ಎರಡಕ್ಕ ಇಳದೈತಿ. ಇಷ್ಟು ಚೊಲೊ ಲೆಕ್ಕ ನಾ ನೋಡಿಲ್ಲ" ಎಂದರು. "ಸಂಜಿಮುಂದ ಮಾತ್ರ ಏರೇತಿ. ಕಚ್ಚಿಗೊಂಡ ಮ್ಯಾಲೆ ಮನ್ಯಾಗ ಆಕಿಗೆ ಏನೋ ಸಿಗಾಕತ್ತೈತಿ. ಯಾರ್ ಏನ್ ಕೊಡ್ತೀರಿ?"

ರಾಚಯ್ಯ ನನ್ನ ಕಡೆ ನೋಡಿದರು. ಏನೂ ಇಲ್ಲ ಎಂದು ಬರೆದ ಪುಟ ಎದುರಿಗೇ ಬಿದ್ದಿತ್ತು.

"ನಾನ ಕೊಡ್ತಿದ್ನಿರಿ" ಎಂದಳು ಜೋಹರಾ. "ಹಿತ್ತಲ ಗ್ವಾಡಿ ಮ್ಯಾಲಿಂದ ಬೆಲ್ಲ ಕೊಡ್ತಿದ್ನಿ. ಅಕ್ಕೋರಿಗೆ ಗೊತ್ತಿಲ್ರಿ."

ನಾನು ನೋಟಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಡಾಕ್ಟರಬಾಯಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಬೆಲ್ಲ ಇವತ್ತೇ ನಿಲ್ಲಬೇಕು, ನಿಂತ ಮೇಲೆ ನಾಲ್ಕೈದು ದಿನ ಕಚ್ಚುವುದು ಮೊದಲಿಗಿಂತ ಜೋರಾಗುತ್ತದೆ, ಅಂಜಿ ಮತ್ತೆ ಕೊಡಬೇಡಿ ಎಂದರು. ಬರೇ ನಿಲ್ಲಿಸಿದರೆ ಸಾಲದು, ಕೇಳಲು ಅವಳಿಗೆ ಬೇರೆ ದಾರಿ ಕೈಯಲ್ಲಿರಬೇಕು ಎಂದೂ ಸೇರಿಸಿದರು. ಧಾರವಾಡ ಬೇಡ, ಇನ್ನೊಂದು ತಿಂಗಳು ನೋಡೋಣ ಎಂದ ಮೇಲೆ ರಾಚಯ್ಯ ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಟ್ಟರು. ಜೋಹರಾಳಿಗೆ ಇಷ್ಟೇ ಹೇಳಿದರು: "ಇನ್ ನಿಮ್ಮ ಮನಿಗೆ ಕೂಸಿನ ಕಳಸೂದಿಲ್ಲ." ಬಸ್ಸಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತಳು. ನಾನು ಮುಂದೆ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಅಮೀನಗಡ ದಾಟಿ ಹುನಗುಂದ ಬರುವ ತನಕ ನಾಚಿಕೆಯ ಜೊತೆ ಇನ್ನೊಂದು ಮಾತೂ ತಲೆಯಲ್ಲಿ ಸುತ್ತುತ್ತಿತ್ತು: ಇನ್ನು ಮಗಳು ನನ್ನೊಬ್ಬಳಿಗೇ.

ರಜೆ ಹಾಕಿದೆ. ಬೆಲ್ಲ ನಿಲ್ಲಿಸಿದೆ. ನಾಲ್ಕು ದಿನ ಅವಳು ಡಾಕ್ಟರಬಾಯಿ ಹೇಳಿದಂತೆಯೇ ಮೊದಲಿಗಿಂತ ಜೋರಾಗಿ ಕಚ್ಚಿಕೊಂಡಳು. ಹಳೆಯ ಸೀರೆಯ ಬಟ್ಟೆಯನ್ನು ಅವಳ ಕೈಗೆ ಸುತ್ತಿ ಪಕ್ಕದಲ್ಲೇ ಕೂತೆ, ಬೆಲ್ಲ ಕೊಡಲಿಲ್ಲ. ಐದನೆಯ ದಿನ ಮಗು ದಣಿದು ಸುಮ್ಮನಾಯಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಇಂದ್ರಿ ಎದ್ದು ಬಂದು ನನ್ನ ಮುಷ್ಟಿ ಬಿಡಿಸಿ ಅದರಲ್ಲಿ ಒಂದು ಚಮಚ ಇಟ್ಟಳು. ನನಗೆ ತಿಳಿಯಲಿಲ್ಲ. ಚಮಚ ತೆಗೆದು ಒಂದು ಹರಳುಕಲ್ಲು ಇಟ್ಟಳು. ಅದನ್ನೂ ತೆಗೆದು, ನನ್ನ ಶಾಲೆಯ ಚೀಲದಿಂದ ಹಲಗೆಗೆ ಬರೆಯುವ ಖಡು ತಂದು ಇಟ್ಟಳು. ಇಟ್ಟು, ಎಂದೂ ನೋಡದವಳು ನನ್ನ ಮುಖವನ್ನೇ ನೋಡುತ್ತ ಕಾದಳು.

ಆಗ ತಿಳಿಯಿತು. ಅವಳಿಗೆ ಬಂದಿದ್ದ ಒಂದೇ ಒಂದು ಮಾತನ್ನು ನಾನು ಒಲೆಗೆ ಹಾಕಿದ್ದೆ. ಅವಳು ಮನೆಯ ತುಂಬ ಅದನ್ನೇ ಹುಡುಕುತ್ತಿದ್ದಳು.

ಅವಳನ್ನು ಎತ್ತಿಕೊಂಡು ನಡು ಮಧ್ಯಾಹ್ನ ಜೋಹರಾಳ ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೂ ಕೇಳಲೆಂದು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ: "ಬೆಲ್ಲ ಕೊಟ್ಟಾಕಿ ನಾನು. ನೀ ಕೊಟ್ಟ ಕಂಡಿಕಿನೂ ನಾನ ಸುಟ್ಟೇನಿ."

ಜೋಹರಾ ರಾಟಿ ನಿಲ್ಲಿಸಲಿಲ್ಲ. "ಬೆಲ್ಲದ್ದು ಗೊತ್ತಿತ್ರಿ. ಹಿತ್ತಲದಾಗ ನೋಡಿದ್ನಿ."

"ಮತ್ತ ಯಾಕ ನಿನ್ನ ಮ್ಯಾಲೆ ಹಾಕ್ಕೊಂಡಿ?"

"ತಾಯಿನ ಕೊಡಾಕತ್ತಾಳ ಅಂದಿದ್ರ ಆ ದಿನಾನ ಧಾರವಾಡಕ್ಕ ಬಿಟ್ಟು ಬರತಿದ್ರಲ್ರಿ. ನನ್ನ ಮನಿ ಬಂದ್ ಆದ್ರ ಆಕಿಗೆ ನಿಮ್ಮ ಮನಿ ಇರತೈತಿ. ನಿಮ್ಮ ಮನಿ ಬಂದ್ ಆದ್ರ ಎಲ್ಲಿಗೆ ಹೋಗಬೇಕು?" ಎಂದಳು. ಆಮೇಲೆ ರಾಟಿ ನಿಲ್ಲಿಸಿ, ಮೊದಲ ಸಲ ನನ್ನ ಮೇಲೆ ಸಿಟ್ಟಾದಳು. "ಬೆಲ್ಲದ್ದಿರ್ಲಿ. ಕಂಡಿಕಿ ಯಾಕ ಸುಟ್ಟ್ರಿ ಅಕ್ಕೋರ? ಅದು ನಂದಲ್ಲ, ಆಕೀದು."

ಅವಳು ಬುಟ್ಟಿಯಿಂದ ಒಂದು ಖಾಲಿ ಕಂಡಿಕೆ ತೆಗೆದು, ಮಗುವಿಗೆ ಕೊಡದೆ ನನ್ನ ಕೈಗೆ ಕೊಟ್ಟಳು. "ನೀವ ಕೊಡ್ರಿ." ನಾನು ಅಲ್ಲೇ ಕೂತು ಇಂದ್ರಿಗೆ ಕೊಟ್ಟೆ. ಇಂದ್ರಿ ಅದನ್ನು ತಿರುವಿ ಮುರುವಿ ನೋಡಿ, ನನ್ನ ತೊಡೆ ದಾಟಿ ಹೋಗಿ, ಜೋಹರಾಳ ಅಂಗೈಯಲ್ಲಿಟ್ಟಳು. ರಾಟಿಯ ಹಿಡಿಕೆ ಸಿಕ್ಕಿತು. ನನ್ನ ಹೊಟ್ಟೆ ಉರಿಯಿತು, ಹಿಂದಿನಷ್ಟೇ ಉರಿಯಿತು. ನಾನು ಎದ್ದು ಹೋಗಲಿಲ್ಲ.

ಸಂಜೆ ರಾಚಯ್ಯ ಬಂದಾಗ ಅವರಿಗೂ ಹೇಳಿದೆ. ಎಂಟು ದಿನ ಮಾತಾಡಿಸಲಿಲ್ಲ. ಒಂಬತ್ತನೆಯ ದಿನ ತಾವೇ ಇಂದ್ರಿಯನ್ನು ಜೋಹರಾಳ ಮನೆಗೆ ಬಿಟ್ಟು ಬಂದರು.

ಇಂದ್ರಿಗೆ ಈಗ ಹದಿನೈದು. ಮಾತು ಬಂದಿಲ್ಲ, ಮುಂಗೈಯ ಮೇಲೆ ಹಳೆಯ ಕಲೆಗಳಿವೆ, ಹೊಸ ಗಾಯ ಅಪರೂಪ. ಜೋಹರಾಳ ಪಕ್ಕದ ರಾಟಿ ಅವಳದೇ, ಒಂದೂ ನೂಲು ಹರಿಯದಂತೆ ಸುತ್ತುತ್ತಾಳೆ. ಹಸಿದರೆ, ನೀರಡಿಸಿದರೆ, ತಲೆ ಬಾಚಬೇಕೆನಿಸಿದರೆ ಬಂದು ನನ್ನ ಅಂಗೈಯಲ್ಲಿ ಕಂಡಿಕೆ ಇಡುತ್ತಾಳೆ. ಮೈಯಲ್ಲಿ ಹುಷಾರಿಲ್ಲದಾಗ ಮಾತ್ರ ಅದನ್ನು ಹಿಡಿದುಕೊಂಡು ನನ್ನ ಮುಂದೆಯೇ ಹಾದು ನಮ್ಮ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ, ಜೋಹರಾಳಿಗೆ ಕೊಡಲಿಕ್ಕೆ. ಆ ಬಾಗಿಲಿನ ಚಿಲಕ ಬಿಗಿ, ಅವಳಿಗೆ ತೆಗೆಯಲು ಬರುವುದಿಲ್ಲ. ನಾನೇ ಎದ್ದು ಹೋಗಿ ತೆಗೆಯುತ್ತೇನೆ.