ಬೋರ್ಡಿನಿಂದ ಅಳಿಸಿದ ಒಲೆ

ನೋಡಿ ಗೆಳೆಯರೇ, ಇವತ್ತು ಸಿಂದಗಿಯ ನಮ್ಮ ಶಾಲೆಯಲ್ಲಿ, ಗಾಳಿ ಕೆಡಿಸುವವು ಯಾವುವು ಎಂದು ಆರನೇ ತರಗತಿಯವರನ್ನು ಕೇಳಿದೆ. ಟೆಂಪೊ, ಇಟ್ಟಿಗೆ ಭಟ್ಟಿ, ಗಿರಣಿಯ ಧೂಳು ಎಂದು ಕೂಗಿದರು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಕೊನೆಗೆ ನಾನೇ ‘ಕಟ್ಟಿಗೆ ಒಲೆ’ ಎಂದು ಸೇರಿಸಿದೆ. ಹಿಂದಿನ ಸಾಲಿನ ಸವಿತಾ ಎದ್ದು ನಿಂತಳು.

“ಅದನ್ನ ಅಳಸ್ರಿ ಸರ್. ನಮ್ಮವ್ವ ಬೇಕಂತ ಹೊಗಿ ಮಾಡೂದಿಲ್ರಿ. ನಮಗ ರೊಟ್ಟಿ ಬಡೀಬೇಕಲ್ರಿ. ಹತ್ತಿ ಕಟಗಿ ಹಸಿ ಇದ್ರ ಮೊದಲ ಅಕೀನ ಕೆಮ್ಮತಾಳ್ರಿ.”

“ಪುಸ್ತಕದಾಗ ಹಂಗ ಐತಿ ತಂಗಿ,” ಎಂದೆ.

ಅವಳು ಕೂರಲಿಲ್ಲ. ಕಣ್ಣು ತುಂಬಿಕೊಂಡಿದ್ದವು. ಅಳಿಸಿಬಿಟ್ಟೆ. ಡಸ್ಟರಿನಿಂದ ಎದ್ದ ಸೀಮೆಸುಣ್ಣದ ಪುಡಿಗೆ ಮುಂದೆ ಕೂತವರೆಲ್ಲ ಕೆಮ್ಮತೊಡಗಿದರು.

ಸವಿತಾ ಕಣ್ಣೊರೆಸಿಕೊಂಡು ಸಮಾಧಾನ ಹೇಳಿದಳು: “ಇರಲಿ ಬಿಡ್ರಿ ಸರ್, ನೀವೂ ಬೇಕಂತ ಮಾಡಿಲ್ಲ.”